ತಣ್ಣೀರು ಎಂದು ಮುಗಿಯುತ್ತದೆ?

ಮಲ್ಲೇಶ್ವರದ ನಮ್ಮ ಕಚೇರಿಗೆ ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ಮೊದಲು ಕೊಡುವ ಅಭ್ಯಾಸ ಕ್ಯಾಲಿಫೋರ್ನಿಯಾದ ಶಾಸ್ತಾ ಜಲಾಶಯದ್ದು: ಅದರ ತಳದ ತಣ್ಣೀರು ಎಂದಿನವರೆಗೆ ಸಾಕಾಗುತ್ತದೆಂದು ಲೆಕ್ಕ ಹಾಕಬೇಕು. ಅಲ್ಲಿನ ಒಳಹರಿವು, ಹೊರಹರಿವು, ಬೇರೆ ಬೇರೆ ಆಳದ ತಾಪಮಾನ ಎಲ್ಲವೂ ಸಾರ್ವಜನಿಕವಾಗಿ ದೊರೆಯುವುದರಿಂದ ಕಲಿಯುವವರಿಗೆ ಅನುಕೂಲ. ಕಳೆದ ಮಳೆಗಾಲದ ಒಂದು ಶನಿವಾರ, ನೀರಾವರಿ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಆ ಅಭ್ಯಾಸದ ಫಲಿತಾಂಶ ಪರಿಶೀಲಿಸಲು ಬಂದಿದ್ದರು.

ಶಾಸ್ತಾ ತುಂಬಿದರೆ ಸುಮಾರು 198 ಟಿಎಂಸಿ, ಅಂದರೆ ನಮ್ಮ ನಾಲ್ಕು ಕೆಆರ್‌ಎಸ್‌ಗಳಷ್ಟು ನೀರು. 1945ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟನ್ನು ಮೀನು ದಾಟಲಾರದು. ಚಳಿಗಾಲದಲ್ಲಿ ಸಮುದ್ರದಿಂದ ಸ್ಯಾಕ್ರಮೆಂಟೊ ನದಿಗೆ ಬಂದು ಬೇಸಿಗೆಯಲ್ಲಿ ಮೊಟ್ಟೆಯಿಡುವ ಚಿನೂಕ್ ಸಾಲ್ಮನ್‌ಗಳು ಹಿಂದೆ ಮೇಲಿನ ಬೆಟ್ಟಗಳ ಒರತೆಯ ತಣ್ಣೀರಿಗೆ ಹೋಗುತ್ತಿದ್ದವು. ಈಗ ಅಣೆಕಟ್ಟಿನ ಕೆಳಗೆ, ಬಿಸಿಲು ಸುಡುವ ಬಯಲಿನಲ್ಲೇ ಮೊಟ್ಟೆಯಿಡಬೇಕು. 1994ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಈ ಮೀನಿನ ಮೊಟ್ಟೆಗಳಿಗೆ ದೀರ್ಘಕಾಲ ಅನುಸರಿಸಿದ ಮಿತಿ 56 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13.3 ಸೆಲ್ಸಿಯಸ್. ಬೇಸಿಗೆಯಲ್ಲಿ ಜಲಾಶಯದ ಮೇಲಿನ ನೀರು ಕಾದು ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಚಳಿಗಾಲದ ತಣ್ಣೀರು ತಳದಲ್ಲಿ ಉಳಿಯುತ್ತದೆ. ಆ ತಣ್ಣೀರನ್ನು ತಿಂಗಳ ಸಂಬಳದಂತೆ ಕೊನೆಯವರೆಗೂ ಎಳೆಯಬೇಕು. ಬೇಕಾದ ಆಳದಿಂದ ನೀರೆತ್ತಿ ಟರ್ಬೈನಿಗೆ ಕೊಡುವ ಬಾಗಿಲುಗಳುಳ್ಳ ಭಾರಿ ಉಕ್ಕಿನ ಕಟ್ಟಣೆಯನ್ನು 1997ರಲ್ಲಿ ಅಣೆಕಟ್ಟಿನ ಒಳಮೈಗೆ ಅಳವಡಿಸಿದರು. ಅದಕ್ಕೂ ಮುಂಚೆ ತಳದ ನೀರು ಬಿಡಬೇಕೆಂದರೆ ವಿದ್ಯುತ್ತನ್ನು ಬಿಟ್ಟುಕೊಡಬೇಕಾಗಿತ್ತು.

2014ರ ಬರಗಾಲದಲ್ಲಿ ಆ ತಣ್ಣೀರು ಮೊಟ್ಟೆಗಳು ಒಡೆದು ಮರಿಗಳು ಹೊರಬರುವ ಮುನ್ನವೇ ಮುಗಿದು, ಸುಮಾರು ನೂರಕ್ಕೆ ತೊಂಬತ್ತೈದರಷ್ಟು ಮೊಟ್ಟೆ, ಮರಿಗಳು ಸತ್ತವು. ಹುಡುಗರಿಗೆ ಕೊಟ್ಟಿದ್ದ ವರ್ಷವೂ ಅದೇ.

ಅವರು ಬಳಸಿದ್ದು ಸಿಇ-ಕ್ವಾಲ್-ಡಬ್ಲ್ಯು2 ಎಂಬ ಕಂಪ್ಯೂಟರ್ ಮಾದರಿ. ಜಲಾಶಯವನ್ನು ಉದ್ದಕ್ಕೂ ಆಳಕ್ಕೂ ಸೀಳಿ, ಅಗಲದಲ್ಲಿ ಮಾತ್ರ ಸರಾಸರಿ ಹಿಡಿದು ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಒಂದೊಂದು ಆಳದಲ್ಲಿ ಅಳೆದ ತಾಪಮಾನದ ಚುಕ್ಕೆಗಳು, ಅವುಗಳ ಮೇಲೆ ಮಾದರಿಯ ಗೆರೆ. ಸರಾಸರಿ ವ್ಯತ್ಯಾಸ ಒಂದು ಡಿಗ್ರಿಗಿಂತ ಕಡಿಮೆ ಇದೆಯೆಂದು ಹುಡುಗ ಸಂತೋಷದಿಂದಲೇ ಹೇಳಿದ. ಹಿರಿಯರು ಕನ್ನಡಕ ಮೇಲೇರಿಸಿ, ಬೆರಳನ್ನು ಗೆರೆಯ ನಡುಭಾಗದಲ್ಲಿಟ್ಟರು. ಮೇಲೂ ತಳದಲ್ಲೂ ಚುಕ್ಕೆಗಳ ಮೇಲೆಯೇ ಓಡಿದ್ದ ಗೆರೆ, ತಾಪಮಾನ ದಿಢೀರನೆ ಇಳಿಯುವ ಆ ಜಾಗದಲ್ಲಿ ಮಾತ್ರ ಚುಕ್ಕೆಗಳಿಗಿಂತ ಮೇಲಕ್ಕೆ ಸರಿದಿತ್ತು.

"ನಿನ್ನ ತಣ್ಣೀರು ಇಲ್ಲೇ ಶುರುವಾಗತ್ತೆ ಅಂತೀಯ, ಅಳತೆ ಇನ್ನೂ ಕೆಳಗಿದೆ ಅನ್ನತ್ತೆ. ಈ ನಡುವಿನ ನೀರು ಯಾರ ಲೆಕ್ಕಕ್ಕಪ್ಪ?"

"ಎರಡು ಮೂರು ಮೀಟರ್ ಅಷ್ಟೇ ಸರ್."

"ಟಿಎಂಸಿಲಿ ಹೇಳು."

ತುಂಬಿದಾಗ ಶಾಸ್ತಾದ ಹರವು ಸುಮಾರು 30,000 ಎಕರೆ. ಆ ಮಟ್ಟದಲ್ಲಿ ಒಂದು ಮೀಟರಿನ ಪದರವೆಂದರೆ ನಾಲ್ಕು ಟಿಎಂಸಿಗೂ ಮಿಗಿಲು. ಆಳಕ್ಕಿಳಿದಂತೆ ಹರವು ಕಿರಿದಾಗುತ್ತದಾದರೂ, ಕಾಗದದ ಮೇಲಷ್ಟೇ ಇರುವ ತಣ್ಣೀರು ಅಲ್ಪವೇನಲ್ಲ. ಇಂಥ ಮಾದರಿಯನ್ನು ನಂಬಿ ಬಾಗಿಲು ತೆರೆದವರಿಗೆ ಶರತ್ಕಾಲದ ಹೊಸ್ತಿಲಿನಲ್ಲಿ ತಳ ಕಾಣಿಸುತ್ತದೆ. ಒಳ್ಳೆಯ ಸರಾಸರಿಯ ಹಿಂದೆ ಇಂಥ ತಪ್ಪು ಅಡಗಿ ಕೂರುವುದು ನಮ್ಮ ಕಸುಬಿನಲ್ಲಿ ಬಲು ಸಾಮಾನ್ಯ, ಮತ್ತು ನನ್ನ ಮಟ್ಟಿಗೆ ಅತ್ಯಂತ ಅಪಾಯಕಾರಿ.

ಕಾರಣ ಗಾಳಿಯಲ್ಲಿತ್ತು. ಸುತ್ತ ಗುಡ್ಡಗಳಿವೆಯೆಂದು ಗಾಳಿಯ ಬಲವನ್ನು ಜಲಾಶಯದುದ್ದಕ್ಕೂ ಒಂದೇ ಗುಣಕದಿಂದ ತಗ್ಗಿಸಲಾಗಿತ್ತು. ಕಿರಿದಾದ ಕಣಿವೆಗಳಿಗೆ ಅದು ಸರಿ. ಕವಲುಗಳೆಲ್ಲ ಕೂಡಿ ನೀರು ಅಗಲವಾಗುವ ಕಡೆ ಗಾಳಿ ಬೀಸಿ ಮೇಲಿನ ಬೆಚ್ಚನೆಯ ನೀರನ್ನು ಆಳಕ್ಕೆ ಕಲಸುತ್ತದೆ. ಭಾಗಭಾಗಕ್ಕೆ ಬೇರೆ ಗುಣಕ ಕೊಟ್ಟು ಓಡಿಸಿದಾಗ ಗೆರೆ ಚುಕ್ಕೆಗಳತ್ತ ಇಳಿಯಿತು, ಬಿಡುವ ನೀರು 13.3ರ ಮಿತಿ ಮೀರುವ ವಾರ ಇನ್ನೂ ಬೇಗ ಬಂತು.

ಹುಡುಗ ಆಗ ಕೇಳಿದ್ದು ನ್ಯಾಯವಾದ ಪ್ರಶ್ನೆ: ಅರ್ಧ ಡಿಗ್ರಿ ಹೆಚ್ಚಾದರೆ ಮೀನಿಗೇನಾದೀತು? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನದಿಯಲ್ಲಿ ಮೊಟ್ಟೆಗಳು ತಾಳುವ ತಾಪ ಪ್ರಯೋಗಾಲಯದಲ್ಲಿ ಕಂಡದ್ದಕ್ಕಿಂತ ಸುಮಾರು ಮೂರು ಡಿಗ್ರಿ ಸೆಲ್ಸಿಯಸ್ ಕಡಿಮೆ. ಬೆಚ್ಚಗಾದಷ್ಟೂ ಮೊಟ್ಟೆಗೆ ಆಮ್ಲಜನಕ ಹೆಚ್ಚು ಬೇಕು, ಆದರೆ ಜಲ್ಲಿಯ ಸಂದಿಯಲ್ಲಿ ನೀರು ನಿಧಾನವಾಗಿ ಹರಿದು ಅದನ್ನು ಸಾಕಷ್ಟು ಒದಗಿಸುವುದಿಲ್ಲ. ಹೀಗಿರುವಾಗ 13.3 ಎಂಬ ಮಿತಿಯೇ ಸಡಿಲ. ಅದರ ಮೇಲೆ ಇನ್ನರ್ಧ ಡಿಗ್ರಿ ಬಿಟ್ಟುಕೊಡಲು ಜಾಗವಿಲ್ಲ.

ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿದ ಕಾವೇರಿಯನ್ನು ಕುಡಿಯುವ ಈ ಊರಿನಲ್ಲಿ ಜಲಾಶಯದ ಸುದ್ದಿಯೆಂದರೆ ಅಡಿ ಮತ್ತು ಕ್ಯುಸೆಕ್. "ನಮ್ಮ ಸರ್ವಿಸ್ಸಲ್ಲಿ ಎಷ್ಟು ನೀರು ಬಿಟ್ರಿ ಅಂತ ಕೇಳಿದೋರೇ ಎಲ್ಲ, ಎಷ್ಟು ತಣ್ಣಗಿತ್ತು ಅಂತ ಒಬ್ಬರೂ ಕೇಳಲಿಲ್ಲ" ಎಂದು ಹಿರಿಯರು ನಕ್ಕರು. ಅದೇ ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿದೆ. ಅದರ ಸಂಕಟಕ್ಕೆ ಕಾರಣ ಬೇರೆ ಬೇರೆ ಇರಬಹುದು, ಆದರೂ ಆ ಮಾತು ನನಗೆ ತಮಾಷೆಯಾಗಿ ಕೇಳಲಿಲ್ಲ.

ಮಧ್ಯಾಹ್ನದ ನಂತರ ಬಾಗಿಲುಗಳ ಸರದಿ. ವಸಂತದಲ್ಲಿ ಮೇಲಿನ ಬಾಗಿಲಿನಿಂದಲೇ ನೀರು ಕೊಟ್ಟು ತಳದ್ದನ್ನು ಉಳಿಸಿದರೆ ಮಿತಿ ಮೀರುವ ವಾರ ಮುಂದಕ್ಕೆ ಹೋಯಿತು, ಆದರೆ ಸಾಲುವಷ್ಟಲ್ಲ. ಬರಗಾಲದಲ್ಲಿ ಬಾಗಿಲಿನ ಜಾಣ್ಮೆಗೆ ಅಷ್ಟೇ ಎಟುಕುವುದು; ಉಳಿದದ್ದು ಕೆಳಗಿನ ಹೊಲಗಳಿಗೆ ಬೇಸಿಗೆಯಲ್ಲಿ ಎಷ್ಟು ನೀರು ಹರಿಸುತ್ತೇವೆ ಎಂಬುದರಲ್ಲಿದೆ. ಹೊರಹರಿವನ್ನೂ ತಗ್ಗಿಸಿ ನೋಡಲು ಹುಡುಗನಿಗೆ ಹೇಳಿದೆವು, ಮತ್ತು ಫಲಿತಾಂಶವನ್ನು ಸರಾಸರಿಯಲ್ಲಿ ತರದೆ, ಮೊಟ್ಟೆಗಳಿರುವ ಜಾಗದಲ್ಲಿ ದಿನದಿನದ ತಾಪಮಾನವಾಗಿ ತರಬೇಕೆಂದೂ ಹೇಳಿದೆವು.