ಇಲ್ಲಿನ ಸಂಬಳ, ಅರಕಲಗೂಡಿನ ಶುಂಠಿ ದುಡ್ಡು

ಪಕ್ಕದ ಮನೆಯಾಕೆ ಹೋದ ವಾರ ಒಂದು ಮಾತು ಹೇಳಿದರು. "ನಿಮ್ಮ ದೇಶದ ಮಕ್ಕಳು ಮೊದಲಿನ ಹಾಗೆ ಬಂದಿದ್ದರೆ ನನ್ನ ಕೆಲಸ ಉಳೀತಿತ್ತು." ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದಕ್ಕೇ ಜಾಸ್ತಿ ನಾಟಿತು. ಇಂಗ್ಲೆಂಡಿನ ಈ ಊರಿನ ಯೂನಿವರ್ಸಿಟಿ ಆಫೀಸಿನಲ್ಲಿ ಎಷ್ಟೋ ವರ್ಷ ದುಡಿದವರು ಅವರು. ನಾನು ಅಲ್ಲೇ ಲೈಬ್ರರಿಯಲ್ಲಿದ್ದೇನೆ.

2024ರ ಸೆಪ್ಟೆಂಬರಿನಲ್ಲಿ ತರಗತಿ ಶುರುವಾದಾಗಲೇ ಎಂಎಸ್ಸಿ ಕ್ಲಾಸುಗಳು ಅರ್ಧ ಖಾಲಿ. ಚಳಿಗಾಲದ ಹೊತ್ತಿಗೆ ವಿಸಿಯವರ ಮೇಲ್ ಬಂತು, ಖಾಲಿಯಾದ ಹುದ್ದೆ ತುಂಬುವುದಿಲ್ಲ ಅಂತ. ಕ್ರಿಸ್‌ಮಸ್ ಮುಗಿದ ಮೇಲೆ ವಿಆರ್‌ಎಸ್. ಆಮೇಲೆ ಫ್ರೆಂಚ್, ಜರ್ಮನ್ ವಿಭಾಗ ಮುಚ್ಚುವ ಮಾತು. ಯಾವ ಜರ್ನಲ್‌ಗೆ ಚಂದಾ ನಿಲ್ಲಿಸಬೇಕು ಅನ್ನೋ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ವಯಸ್ಸಾದ ಪ್ರೊಫೆಸರ್ ಒಬ್ಬರು ಬಂದು, ತಾವು ದಿನಾ ಓದುವ ಜರ್ನಲ್ ಹೆಸರು ಅದರಲ್ಲಿದೆಯಾ ಅಂತ ಕೇಳಿದರು. ಇತ್ತು.

ಕಾರಣ ಸರಳ. ಇಲ್ಲಿನ ಮಕ್ಕಳ ವರ್ಷದ ಫೀಸು 2012ರಲ್ಲಿ 9,000 ಪೌಂಡ್ ಆಯಿತು, 2017ರಲ್ಲಿ 9,250. ಆಮೇಲೆ 2025ರವರೆಗೂ ಅಷ್ಟೇ. ಈ ನಡುವೆ ಕರೆಂಟು, ಸಂಬಳ, ಎಲ್ಲ ಏರಿತು. ಆ ಕೊರತೆ ತುಂಬಿದ್ದು ಹೊರದೇಶದ ಮಕ್ಕಳ ಫೀಸು, ಎಷ್ಟೋ ಕೋರ್ಸುಗಳಿಗೆ ಅದು ಎರಡರಷ್ಟು. 2024ರ ಜನವರಿಯಿಂದ ಹೆಚ್ಚಿನ ಮಾಸ್ಟರ್ಸ್ ಕೋರ್ಸುಗಳಿಗೆ ಬರುವವರು ಹೆಂಡತಿ, ಗಂಡ, ಮಕ್ಕಳನ್ನು ಕರೆತರುವಂತಿಲ್ಲ ಅಂತಾಯಿತು. ಬರುವವರು ಕಡಿಮೆಯಾದರು.

ಆ ಫೀಸು ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ಒಂದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಾಗ ಹುಡುಗನೊಬ್ಬ ಹತ್ತಿರ ಬಂದು "ಅಕ್ಕಾ, ನೀವು ಹಾಸನದೋರಾ?" ಅಂದ. ಅರಕಲಗೂಡು ಕಡೆಯವನು. ಶುಂಠಿಗೆ ಒಳ್ಳೆ ರೇಟು ಸಿಕ್ಕ ವರ್ಷದ ದುಡ್ಡು, ಅದು ಸಾಲದೆ ಜಮೀನಿನ ಮೇಲೆ ಸಾಲ, ಎರಡೂ ಸೇರಿ ಅವನ ಫೀಸು. ಇಲ್ಲಿನವರ ಸಂಬಳದಲ್ಲಿ ಆ ಅಪ್ಪನ ಬೆವರೂ ಇದೆ ಅಲ್ವಾ?

ಇನ್ನು ನಮ್ಮೂರು ನೋಡಿ. ಹಾಸನದಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ, ಹೊಸದಾಗಿ ಮಾಡಿದ ಹತ್ತರಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು, ಹಾಸನದ್ದೂ ಸೇರಿ. ದುಡ್ಡಿಲ್ಲ ಅನ್ನೋದು ಅಲ್ಲೂ ಮುಖ್ಯ ಕಾರಣ. ಸರಿಯಾಗಿ ದುಡ್ಡು, ಮೇಷ್ಟ್ರು ಕೊಡದೆ ಬೋರ್ಡು ಮಾತ್ರ ಬದಲಿಸಿದ್ದು ತಪ್ಪೇ, ಆದರೆ ಅದಕ್ಕೆ ಮದ್ದು ಮುಚ್ಚುವುದಾ? ನಮ್ಮ ಜಿಲ್ಲೆಯ ರೈತನ ದುಡ್ಡು ಇಂಗ್ಲೆಂಡಿನ ಯೂನಿವರ್ಸಿಟಿ ನಡೆಸಲು ಆಗುತ್ತೆ, ಹಾಸನದ್ದನ್ನು ನಡೆಸಲು ಸರ್ಕಾರದ ಹತ್ತಿರ ಇಲ್ಲ ಅಂದರೆ ನನಗೆ ಹೊಟ್ಟೆ ಉರಿಯುತ್ತೆ.

ನನ್ನ ಅಕ್ಕ ಎಂಎ ಓದಿದ್ದು ಹೇಮಗಂಗೋತ್ರಿಯಲ್ಲಿ. ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ ಹಾಸ್ಟೆಲಲ್ಲಿರಲು ಅಪ್ಪ ಬಿಡುತ್ತಿರಲಿಲ್ಲ. ದಿನಾ ಆಲೂರಿನಿಂದ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದಳು, ಬಂದವಳೇ ಹಾಲು ಕರೆಯುತ್ತಿದ್ದಳು. ಈಗ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಅವಳ ಜೊತೆ ಓದಿದ ಹುಡುಗಿಯರಲ್ಲಿ ಇಂಥ ಮನೆಗಳಿಂದ ಬಂದವರೇ ಜಾಸ್ತಿ.

ಅವರೆಲ್ಲ ಸೇರಿ ಈಗ ಜಿಲ್ಲೆಯ ಶಾಸಕರಿಗೆ ಕೊಡಲು ಒಂದು ಮನವಿ ಬರೆಯುತ್ತಿದ್ದಾರೆ. ನೀವೂ ಅಲ್ಲಿ ಓದಿದವರಾದರೆ ಸಹಿ ಹಾಕಿ, ಓದಿದ ವರ್ಷವನ್ನೂ ಬರೆಯಿರಿ.