ಕೆಳಗಿಂದ ಏನ್ ತಂದ್ರಿ?

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಆರ್ಕ್ನಿ ಎಂಬ ದ್ವೀಪಗಳಿವೆ. ಅವುಗಳ ನಡುವೆ ಸ್ಕಾಪಾ ಫ್ಲೋ ಎಂಬ ಕಡಲು. ನಾನು ಬಾಡಿಗೆಯ ಚಾರ್ಟರ್ ಬೋಟಿನಲ್ಲಿ ಅಲ್ಲಿಗೆ ಹೋಗಿ, ಡೈವ್ ಮಾಡಿ, ತಳದಲ್ಲಿ ಮಲಗಿರುವ ಹಡಗುಗಳನ್ನು ನೋಡಿ ಬರುತ್ತೇನೆ. ದಾವಣಗೆರೆಯಲ್ಲಿ ಈ ವಿಷಯ ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಕೆಳಗಿಂದ ಏನ್ ತಂದ್ರಿ?"

ಏನೂ ತಂದಿಲ್ಲ. ತರುವುದೂ ಇಲ್ಲ. ಈ ಪ್ರಶ್ನೆ ನನಗೆ ಸಾಕಾಗಿದೆ.

ಚಿತ್ರದುರ್ಗದ ಕೋಟೆ ನೋಡಿ ಬಂದವರನ್ನು "ಯಾವ ಕಲ್ಲು ಕಿತ್ಕೊಂಡು ಬಂದ್ರಿ?" ಅಂತ ಯಾರಾದರೂ ಕೇಳುತ್ತಾರಾ? ಈ ಹಡಗುಗಳೂ ಹಾಗೆಯೇ, 2001ರಿಂದ ಸಂರಕ್ಷಿತ ಸ್ಮಾರಕಗಳು. ಒಂದು ಬೋಲ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡರೂ ಅಪರಾಧ. ಅಪರಾಧ ಅಲ್ಲದಿದ್ದರೂ ನಾನು ಮುಟ್ಟುತ್ತಿರಲಿಲ್ಲ.

ಹೋದ ವರ್ಷ ಸಂಬಂಧಿಕರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಎದುರು ಸಾಲಿನಿಂದ ಮಾವ ಜೋರಾಗಿ ಕೇಳಿದರು. "ನಿಜ ಹೇಳಪ್ಪಾ, ಬಂಗಾರ ಸಿಕ್ತಾ?" ಇಡೀ ಸಾಲು ನಕ್ಕಿತು. ಇಲ್ಲ ಮಾವ ಅಂದೆ. "ಅಷ್ಟು ದುಡ್ಡು ಸುರಿದು ಬರಿಗೈಲಿ ಬಂದ್ಯಾ?" ಅಂದರು. ಆಗ ನಾನು ಸುಮ್ನಿರಲಿಲ್ಲ. ಎಲೆ ಮುಂದೆ ಕೂತೇ ಪೂರ್ತಿ ಕತೆ ಹೇಳಿದೆ.

1918ರ ನವೆಂಬರಿನಲ್ಲಿ ಮೊದಲನೇ ಮಹಾಯುದ್ಧ ನಿಂತಿತು. ಜರ್ಮನಿಯ 74 ಯುದ್ಧನೌಕೆಗಳನ್ನು ಸ್ಕಾಪಾ ಫ್ಲೋಗೆ ತಂದು ಕಾವಲಿನಲ್ಲಿ ನಿಲ್ಲಿಸಿದರು. ಅವನ್ನು ಏನು ಮಾಡಬೇಕು ಅನ್ನುವ ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ಹಡಗುಗಳು ಬ್ರಿಟಿಷರ ಪಾಲಾಗಬಾರದು ಎಂದು ಜರ್ಮನ್ ಅಧಿಕಾರಿ ಲುಡ್ವಿಗ್ ಫಾನ್ ರಾಯ್ಟರ್ ನಿರ್ಧರಿಸಿದ್ದ. 1919ರ ಜೂನ್ 21ರ ಬೆಳಿಗ್ಗೆ ಕಾವಲಿನ ದೊಡ್ಡ ಬ್ರಿಟಿಷ್ ಹಡಗುಗಳು ಅಭ್ಯಾಸಕ್ಕೆಂದು ಹೊರಗೆ ಹೋದವು. ರಾಯ್ಟರ್ ಸಂಕೇತ ಕೊಟ್ಟ. ನಾವಿಕರು ತಮ್ಮ ಹಡಗುಗಳಿಗೆ ತಾವೇ ನೀರು ಬಿಟ್ಟರು. ಸಂಜೆಯ ಹೊತ್ತಿಗೆ 52 ಹಡಗು ಮುಳುಗಿದ್ದವು. ಅವತ್ತು ಸ್ಟ್ರಾಮ್‌ನೆಸ್ ಊರಿನ ಶಾಲಾ ಮಕ್ಕಳು ಹಡಗು ನೋಡಲು ದೋಣಿಯಲ್ಲಿ ಪ್ರವಾಸ ಬಂದಿದ್ದರು. ಅವರ ಸುತ್ತಲೂ ಒಂದೊಂದೇ ಹಡಗು ವಾಲಿ, ಮಗುಚಿ, ಕೆಳಗೆ ಹೋಯಿತು. ಬ್ರಿಟಿಷರ ಗುಂಡಿಗೆ 9 ಜರ್ಮನ್ನರು ಸತ್ತರು.

ಇನ್ನು ಮಾವನ ಬಂಗಾರ. 1924ರಲ್ಲಿ ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿ ಆ ಹಡಗುಗಳನ್ನು ಎತ್ತಲು ಶುರುಮಾಡಿದ. ಮೂವತ್ತಕ್ಕೂ ಹೆಚ್ಚು ಎತ್ತಿದ. ಅವನ ನಂತರ ಬೇರೆಯವರೂ ಎತ್ತಿದರು. ಅವರಿಗೆ ಸಿಕ್ಕಿದ್ದು ಕಬ್ಬಿಣ, ತಾಮ್ರ, ಹಿತ್ತಾಳೆ. ಈಗ ತಳದಲ್ಲಿ ಉಳಿದಿರುವ ದೊಡ್ಡ ಹಡಗು ಏಳೇ. ಅವುಗಳಲ್ಲಿ ಕೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್ ಎಂಬ ಮೂರು ಮಹಾ ಯುದ್ಧನೌಕೆಗಳು ಬೋರಲಾಗಿ ಬಿದ್ದಿವೆ. ಮೇಲಿನ ಫಿರಂಗಿಗಳ ಭಾರಕ್ಕೆ ಮುಳುಗುವಾಗಲೇ ಮಗುಚಿಕೊಂಡವು. ಕ್ರೋನ್‌ಪ್ರಿನ್ಸ್‌ನ ಪಕ್ಕದಲ್ಲಿ ತಳದವರೆಗೆ ಇಳಿದು ಟಾರ್ಚ್ ಹಾಕಿದರೆ ಅದರ 30.5 ಸೆಂಟಿಮೀಟರ್ ಬಾಯಿಯ ಫಿರಂಗಿ ಕಾಣುತ್ತದೆ. ನಾನು ಅಷ್ಟು ದೂರ ಹೋಗುವುದು ಅದನ್ನು ನೋಡುವುದಕ್ಕೆ.

ಅದೇ ಕಡಲಿನಲ್ಲಿ ಬ್ರಿಟಿಷರ ಯುದ್ಧನೌಕೆ ರಾಯಲ್ ಓಕ್ ಕೂಡ ಇದೆ. 1939ರ ಅಕ್ಟೋಬರ್ 14ರ ರಾತ್ರಿ ಜರ್ಮನ್ ಜಲಾಂತರ್ಗಾಮಿಯೊಂದು ಒಳಗೆ ನುಸುಳಿ ಅದನ್ನು ಹೊಡೆಯಿತು. 830ಕ್ಕೂ ಹೆಚ್ಚು ಜನ ಸತ್ತರು. ಅದು ಸಮಾಧಿ. ಅಲ್ಲಿ ಡೈವ್ ಮಾಡುವಂತಿಲ್ಲ. ಇಷ್ಟು ಗೊತ್ತಾದ ಮೇಲೂ "ಏನ್ ಸಿಕ್ತು?" ಅಂತ ಕೇಳುವವರಿಗೆ ಏನು ಹೇಳಲಿ?

ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ ಅತ್ತೆ ಅಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. "ಚಳಿ ಹೆಂಗ್ ತಡ್ಕೊಂತೀಯಪ್ಪಾ?"

ಇದು ಪ್ರಶ್ನೆ! ಎಲ್ಲರೂ ಇದನ್ನೇ ಕೇಳಲಿ ಅಂತ ನನ್ನ ಆಸೆ. ಯಾಕೆಂದರೆ ಈ ಪ್ರವಾಸದ ತಯಾರಿಯೆಲ್ಲ ಚಳಿಯ ಸುತ್ತಲೇ ಇರುವುದು.

ಅಲ್ಲಿನ ನೀರು ವಸಂತದಲ್ಲಿ 7 ಡಿಗ್ರಿ ಆಸುಪಾಸು. ಬೇಸಿಗೆಯ ಕೊನೆಗೆ 13, 14. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ತೆಳು ಸೂಟ್ ಹಾಕಿ ಇಳಿದ ಅಭ್ಯಾಸ ಇಲ್ಲಿಗೆ ಸಾಲದು. ಡ್ರೈಸೂಟ್ ಬೇಕು. ಅದರೊಳಗೆ ನೀರು ಬರುವುದಿಲ್ಲ, ಆದರೆ ಗಾಳಿ ಇರುತ್ತದೆ. ಕೆಳಗೆ ಹೋದಂತೆ ಆ ಗಾಳಿ ಕುಗ್ಗಿ ಸೂಟ್ ಮೈಯನ್ನು ಹಿಂಡುತ್ತದೆ, ಗಾಳಿ ತುಂಬಬೇಕು. ಮೇಲೆ ಬರುವಾಗ ಹಿಗ್ಗುತ್ತದೆ, ಹೊರಗೆ ಬಿಡಬೇಕು. ಬಿಡದಿದ್ದರೆ ಮೇಲಕ್ಕೆ ಎಸೆದುಬಿಡುತ್ತದೆ. ಇದನ್ನು ಯುದ್ಧನೌಕೆಯ ಪಕ್ಕದಲ್ಲಿ ಕಲಿಯಬಾರದು. ನಾನು ಕಲಿತದ್ದು ಇಂಗ್ಲೆಂಡಿನ ಸ್ಟೋನಿ ಕೋವ್‌ನಲ್ಲಿ. ಅದು ನೀರು ತುಂಬಿದ ಹಳೆಯ ಕಲ್ಲಿನ ಕ್ವಾರಿ.

ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಬಾಯಿಗೆ ಕೊಡುವ ರೆಗ್ಯುಲೇಟರ್ ಕೂಡ ತಣ್ಣೀರಿಗೆಂದೇ ಮಾಡಿದ್ದಿರಬೇಕು. ಸಿಲಿಂಡರಿನ ಒತ್ತಡದ ಗಾಳಿ ಅದರಲ್ಲಿ ಹಿಗ್ಗುವಾಗ ವಿಪರೀತ ತಣ್ಣಗಾಗುತ್ತದೆ. ಒಳಗೆ ಮಂಜು ಕಟ್ಟಿದರೆ ಕವಾಟ ತೆರೆದೇ ನಿಲ್ಲುತ್ತದೆ. 35 ಮೀಟರ್ ಆಳದಲ್ಲಿ ಹಾಗಾದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ. ಅದಕ್ಕೇ ಎರಡನೇ ಸಿಲಿಂಡರ್, ಎರಡನೇ ರೆಗ್ಯುಲೇಟರ್. ಇದರಲ್ಲಿ ಉಳಿತಾಯ ಮಾಡಬೇಡಿ.

ಮೊದಲು ಮರಗಟ್ಟುವುದು ಬೆರಳು. ಒಳಗೆ ನೀರು ಹೋಗದ ಕೈಗವಸು ಇರಲಿ. ತಳದಲ್ಲಿ ಬೆಚ್ಚಗಿದ್ದು, ಮೇಲೆ ಬರುವಾಗ ನೈಟ್ರೋಜನ್ ಹೊರಹೋಗಲೆಂದು ನಿಲ್ಲಬೇಕಾದ ಹಂತಗಳಲ್ಲಿ ಮೈ ತಣ್ಣಗಾದರೆ ಅದೇ ಜಾಸ್ತಿ ಅಪಾಯ. ಚಳಿಗೆ ರಕ್ತದ ಓಡಾಟ ಕಮ್ಮಿಯಾಗಿ, ಆಳದಲ್ಲಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗುತ್ತದೆ. ಹಾಗಾಗಿ ಎಷ್ಟು ಹೊತ್ತು ಕೆಳಗಿರಬೇಕು ಅನ್ನುವುದನ್ನು ಫಿರಂಗಿ ನೋಡುವ ಆಸೆಗೆ ಬಿಡಬಾರದು. ಕೊನೆಯ ಹತ್ತು ನಿಮಿಷ ಮೈ ಎಷ್ಟು ತಡೆಯುತ್ತದೆ ಅಂತ ಮೊದಲೇ ಲೆಕ್ಕ ಹಾಕಬೇಕು.

ಬೋಟ್ ಆರಿಸುವಾಗಲೂ ಇದೇ ಯೋಚನೆ. ಹೊತ್ತ ಸಾಮಾನಿನ ತೂಕ 40 ಕಿಲೋ ದಾಟುತ್ತದೆ. ಮರಗಟ್ಟಿದ ಕೈಯಲ್ಲಿ ಏಣಿ ಹತ್ತುವುದು ಕಷ್ಟ. ನೀರಿನಿಂದ ಎತ್ತುವ ಲಿಫ್ಟ್ ಇದೆಯಾ ಕೇಳಿ. ಎರಡು ಡೈವ್‌ಗಳ ನಡುವೆ ಬೆಚ್ಚಗೆ ಕೂರಲು ಜಾಗ, ಬಿಸಿ ಊಟ ಇದೆಯಾ ಕೇಳಿ. ತುರ್ತಿಗೆ ಬೇಕಾಗುವ ಆಮ್ಲಜನಕದ ಕಿಟ್ ಬಗ್ಗೆ ಕೇಳಲೇಬೇಕು. ಒಳ್ಳೆ ಬೋಟ್‌ಗಳು ಬಹಳ ಮುಂಚೆಯೇ ಭರ್ತಿಯಾಗುತ್ತವೆ. ವೀಸಾಕ್ಕೂ ಸಮಯ ಬೇಕು, ಅಲ್ವಾ? ಒಂದು ವರ್ಷ ಮೊದಲೇ ಶುರುಮಾಡಿ.

ಎಲ್ಲಕ್ಕಿಂತ ನೋಡಬೇಕಾದ್ದು ಬೋಟ್ ನಡೆಸುವ ಸ್ಕಿಪ್ಪರ್‌ನನ್ನು. ಒಬ್ಬರು ಫೋನಿನಲ್ಲಿ ನನಗೇ ಪ್ರಶ್ನೆ ಹಾಕಿದರು. ಡ್ರೈಸೂಟಿನಲ್ಲಿ ಎಷ್ಟು ಅನುಭವ? ಕೊನೆಯ ಡೈವ್ ಯಾವಾಗ? ಎಷ್ಟು ಆಳ? "ನೀವು ಹೇಳಿದ್ದನ್ನು ಮೊದಲ ದಿನ ಆಳ ಕಮ್ಮಿ ಇರುವ ಹಡಗಿನಲ್ಲಿ ನೋಡ್ತೀನಿ. ಸರಿ ಅನ್ನಿಸದಿದ್ದರೆ ಮಾರ್ಕ್‌ಗ್ರಾಫ್‌ಗೆ ಇಳಿಸಲ್ಲ" ಅಂದರು. ಮಾರ್ಕ್‌ಗ್ರಾಫ್ ಇರುವುದು 45 ಮೀಟರ್‌ನಲ್ಲಿ. ನಾನು ಅವರ ಬೋಟಿಗೇ ದುಡ್ಡು ಕಟ್ಟಿದೆ. ದುಡ್ಡು ಕೊಟ್ಟವರಿಗೆ ಬೇಡ ಅನ್ನುವ ಧೈರ್ಯ ಇರುವವರ ಜೊತೆ ಮಾತ್ರ ನಾನು ಹೋಗುವುದು. ನೀವೂ ಅಂಥವರನ್ನೇ ಹುಡುಕಿ.

ಹೊರಡುವ ಆಸೆ ಇದ್ದರೆ ಇನ್ನೊಂದು ಮಾತು. ಕೊನೆಯ ಡೈವ್ ಆದ ಮೇಲೆ ಕನಿಷ್ಠ 24 ಗಂಟೆ ವಿಮಾನ ಹತ್ತಬೇಡಿ. ಮೈಯಲ್ಲಿ ಉಳಿದ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆ ಕಟ್ಟಬಹುದು. ಸ್ಟ್ರಾಮ್‌ನೆಸ್‌ನಿಂದ ಸ್ಕಾಟ್ಲೆಂಡಿನ ಮುಖ್ಯ ಭೂಮಿಯ ಸ್ಕ್ರಾಬ್‌ಸ್ಟರ್‌ಗೆ ಫೆರ್ರಿ ಇದೆ, ಒಂದೂವರೆ ಗಂಟೆ. ಅಲ್ಲಿಂದ ರೈಲೋ ಬಸ್ಸೋ ಹಿಡಿದು ನಿಧಾನವಾಗಿ ದಕ್ಷಿಣಕ್ಕೆ ಬನ್ನಿ. ಟಿಕೆಟ್ ತೆಗೆಸುವಾಗಲೇ ಆ ಒಂದು ದಿನ ಬಿಟ್ಟುಕೊಳ್ಳಿ.