ಸೌಂಡ್ ಕಾರ್ಡೇ ಮೋಡೆಮ್

ಹವ್ಯಾಸಿಗಳ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋದಲ್ಲಿ ಪ್ಯಾಕೆಟ್ (ಡೇಟಾದ ಸಣ್ಣ ಕಂತೆ) ಕಳಿಸೋಕೆ ಮೊದಲೆಲ್ಲ ಟಿಎನ್‌ಸಿ ಅನ್ನೋ ಬೇರೆ ಡಬ್ಬಿ ಬೇಕಿತ್ತು. ಈಗ ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್, ಡೈರ್‌ವುಲ್ಫ್ ಅನ್ನೋ ಉಚಿತ ಸಾಫ್ಟ್‌ವೇರ್, ರೇಡಿಯೋಗೆ ಒಂದು ಕೇಬಲ್ ಇದ್ದರೆ ಸಾಕು. 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಡೇಟಾ ಸೌಂಡ್ ಕಾರ್ಡಿನಿಂದ ರೇಡಿಯೋಗೆ ಹೋಗುತ್ತದೆ, ವೇಗ ಸೆಕೆಂಡಿಗೆ 1200 ಬಿಟ್. 2 ಎಂಬಿ ಫೋಟೋ ಕಳಿಸಲು ಹೊರಟರೆ ಮೂರೂವರೆ ಗಂಟೆಗೂ ಜಾಸ್ತಿ ಬೇಕು! ಸುಮ್ನೆ ನಾಲ್ಕು ಸಾಲಿನ ಸಂದೇಶ ಕಳಿಸಿ, ಅಷ್ಟೇ.

ನನಗೆ ಮಜಾ ಅನ್ನಿಸೋದು ಬೇರೆ ವಿಷಯ. ಪ್ಯಾಕೆಟ್ ರೇಡಿಯೋದ ಎಎಕ್ಸ್.25 ಪ್ರೋಟೋಕಾಲ್ (ಪ್ಯಾಕೆಟ್ ಹೇಗಿರಬೇಕು ಅನ್ನೋ ನಿಯಮಾವಳಿ) 1990ರ ದಶಕದಲ್ಲೇ ಲಿನಕ್ಸಿನ ತಿರುಳಾದ ಕರ್ನಲ್ ಒಳಗೆ ಸೇರಿತ್ತು. ಎಎಕ್ಸ್‌ಪೋರ್ಟ್ಸ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ಕಾಲ್‌ಸೈನ್ (ಹ್ಯಾಮ್ ಹವ್ಯಾಸಿಯ ಗುರುತಿನ ಸಂಕೇತ) ಬರೆದು ಕಿಸ್‌ಅಟ್ಯಾಚ್ ಅನ್ನೋ ಕಮಾಂಡ್ ಓಡಿಸಿದರೆ, ರೇಡಿಯೋ ಕೂಡ ಎಎಕ್ಸ್0 ಅಂತ ವೈಫೈ ಪಕ್ಕದಲ್ಲೇ ನೆಟ್‌ವರ್ಕ್ ಪಟ್ಟಿಯಲ್ಲಿ ಬಂದು ಕೂರುತ್ತದೆ. ಐಪಿ ವಿಳಾಸವನ್ನೂ ಕೊಡಬಹುದು. 44ರಿಂದ ಶುರುವಾಗುವ ವಿಳಾಸಗಳೆಲ್ಲ ಒಂದು ಕಾಲದಲ್ಲಿ ಹ್ಯಾಮ್‌ಗಳಿಗೇ ಮೀಸಲಾಗಿದ್ದವು. 2019ರಲ್ಲಿ ಅದರ ಕಾಲು ಭಾಗ ಅಮೆಜಾನ್‌ಗೆ ಮಾರಾಟವಾಯಿತು. ನನಗಿನ್ನೂ ಅದು ಸರಿ ಅನ್ನಿಸಿಲ್ಲ, ಆ ಮಾತು ಬಿಡಿ.

ಇನ್ನೊಂದು ವಿಚಿತ್ರ ನೋಡಿ. ಹ್ಯಾಮ್ ರೇಡಿಯೋದಲ್ಲಿ ಗುಟ್ಟಿನ ಭಾಷೆಗೆ ಅವಕಾಶವಿಲ್ಲ. ಪ್ರತಿ ಪ್ಯಾಕೆಟ್ ಮೇಲೂ ಕಳಿಸಿದವರ ಕಾಲ್‌ಸೈನ್ ಇರುತ್ತದೆ, ಯಾರು ಬೇಕಾದರೂ ಓದಬಹುದು. ಹೆಸರಿಲ್ಲದೆ ಬೈಯೋಕೆ ಆಗಲ್ಲ ಅಲ್ವಾ? ಅದಕ್ಕೋ ಏನೋ, ಇಲ್ಲಿ ಮಾತು ಕಡಿಮೆ, ಮರ್ಯಾದೆ ಜಾಸ್ತಿ.

ಶುರು ಮಾಡುವವರಿಗೆ ಒಂದೇ ಮಾತು: ಆಡಿಯೋ ಮಟ್ಟ ತಗ್ಗಿಸಿಡಿ. ಅತಿ ಜೋರಾದರೆ ಸ್ವರ ಒಡೆದು, ಆ ಕಡೆ ಡೀಕೋಡ್ (ಸ್ವರವನ್ನು ಮತ್ತೆ ಡೇಟಾ ಮಾಡುವ ಕೆಲಸ) ಕೆಡುತ್ತದೆ.